ಚಲನೆಯನ್ನು ಅಳೆಯುವ ಮಾರ್ದನಿ

ಚಲನೆಯನ್ನು ಕಾಣುವುದು ಸುಲಭ, ಅಳೆಯುವುದು ಕಷ್ಟ. ಉರುಳುವ ಗುಂಡನ್ನು ಎಳೆಯ ಮಗುವೂ ನೋಡಿ ನಲಿಯುತ್ತದೆ. ಆದರೆ ಅದರ ವೇಗ ಯಾವ ಕ್ರಮದಲ್ಲಿ ಹೆಚ್ಚುತ್ತದೆಂಬುದನ್ನು ಲೋಕಕ್ಕೆ ತೋರಿಸಲು ಗೆಲಿಲಿಯೊನಂತಹ ಮೇಧಾವಿಯೇ ಬೇಕಾಯಿತು. ಅವನು ಇಳಿಜಾರು ಹಲಗೆಯ ಮೇಲೆ ಕಂಚಿನ ಗುಂಡನ್ನು ಉರುಳಿಸಿ, ಪಾತ್ರೆಯಿಂದ ಇಳಿದ ನೀರನ್ನು ತೂಗಿ ಕಾಲವನ್ನು ನಿರ್ಣಯಿಸಿದನು. 1638ರಲ್ಲಿ ಪ್ರಕಟವಾದ ಅವನ ಗ್ರಂಥದಲ್ಲಿ ಈ ಪ್ರಯೋಗದ ವಿವರಣೆಯಿದೆ.

ಅಂದು ಅಷ್ಟು ಶ್ರಮದಿಂದ ಸಾಧಿತವಾದುದನ್ನು ಇಂದು ಅಂಗೈಯಗಲದ ನಿಸ್ತಂತು ಚಲನಸಂವೇದಕವು ಶಾಲೆಯ ಮೇಜಿನ ಮೇಲೆಯೇ ತೋರಿಸಬಲ್ಲದು. ಕತ್ತಲೆಯಲ್ಲಿ ಹಾರುವ ಬಾವಲಿಯ ಉಪಾಯವೇ ಇದರದೂ ಆಗಿದೆ. ಮನುಷ್ಯನ ಕಿವಿಗೆ ನಿಲುಕದ ಶ್ರವಣಾತೀತ ಶಬ್ದವನ್ನು ಇದು ಹೊರಡಿಸುತ್ತದೆ. ಎದುರಿನ ವಸ್ತುವಿಗೆ ತಾಗಿ ಹಿಂದಿರುಗಿದ ಮಾರ್ದನಿಯ ಕಾಲವನ್ನೆಣಿಸಿ ದೂರವನ್ನು ತಿಳಿಯುತ್ತದೆ. 20 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 343 ಮೀಟರ್. 1.7 ಮೀಟರ್ ದೂರದ ವಸ್ತುವಿನಿಂದ ಮಾರ್ದನಿ ಬರಲು ಸೆಕೆಂಡಿನ ನೂರನೆಯ ಒಂದು ಭಾಗ ಸಾಕು. ಹೀಗೆ ದೊರೆತ ಅಂಕಿಗಳು ತಂತಿಯ ಹಂಗಿಲ್ಲದೆ ಬ್ಲೂಟೂತ್ ಮೂಲಕ ಗಣಕಯಂತ್ರಕ್ಕೆ ತಲುಪಿ ನಕ್ಷೆಯಾಗುತ್ತವೆ. ಎಳೆದಾಡುವ ತಂತಿಯಿಲ್ಲದ ಕಾರಣ ಸಂವೇದಕವನ್ನು ಚಲಿಸುವ ಗಾಡಿಯ ಮೇಲೆಯೇ ಕಟ್ಟಿ, ಗೋಡೆಯತ್ತ ಮುಖಮಾಡಿಸಿಯೂ ಪ್ರಯೋಗ ನಡೆಸಬಹುದು.

ಆದರೆ ಉಪಕರಣ ಎಷ್ಟೇ ಸೂಕ್ಷ್ಮವಾಗಿರಲಿ, ಅದನ್ನು ನಿಲ್ಲಿಸಿದ ರೀತಿ ಸರಿಯಿಲ್ಲದಿದ್ದರೆ ಅದರ ನುಡಿ ಸುಳ್ಳಾಗುವುದು. ಆದುದರಿಂದ ಸ್ಥಾಪನೆಯೇ ಪ್ರಯೋಗದ ಅರ್ಧಭಾಗ. ಸಂವೇದಕವನ್ನು ಭಾರವಾದ ಪೀಠದ ಕಬ್ಬಿಣದ ಸ್ಟ್ಯಾಂಡಿಗೆ ಅಲುಗಾಡದಂತೆ ಬಿಗಿಯತಕ್ಕದ್ದು. ಶಬ್ದವು ಟಾರ್ಚಿನ ಬೆಳಕಿನಂತೆ ಹರಡುತ್ತ ಸಾಗುವುದರಿಂದ ಅದರ ದಾರಿಯಲ್ಲಿ ಸ್ಟೂಲು, ಪುಸ್ತಕ, ವಿದ್ಯಾರ್ಥಿಯ ಮೊಣಕೈ ಯಾವುದೂ ಇರಬಾರದು. ಮೇಜಿನ ಮೈಯಿಂದಲೇ ಮಾರ್ದನಿ ಬರುತ್ತಿದ್ದರೆ ಮುಖವನ್ನು ತುಸು ಮೇಲಕ್ಕೆತ್ತುವುದು ಲೇಸು. ಗಾಡಿಗೆ ನಯವಾದ ರಟ್ಟನ್ನು ನೆಟ್ಟಗೆ ಅಂಟಿಸಿದರೆ ಮಾರ್ದನಿ ಸ್ಪಷ್ಟವಾಗುವುದು. ಮೆತ್ತನೆಯ ಬಟ್ಟೆ ಶಬ್ದವನ್ನು ನುಂಗಿಬಿಡುವುದು. ವಸ್ತುವು 15 ಸೆಂಟಿಮೀಟರಿಗಿಂತ ಹತ್ತಿರ ಬಾರದಂತೆ ನೋಡಿಕೊಳ್ಳಬೇಕು. ಕೂಗುವ ಬಾಯಿಯೇ ಕೇಳುವ ಕಿವಿಯೂ ಆಗಿರುವುದರಿಂದ, ಕೂಗಿನ ಕಂಪನ ಅಡಗುವ ಮುನ್ನ ಬಂದ ಮಾರ್ದನಿ ಅದಕ್ಕೆ ಕೇಳಿಸದು.

ಇಳಿಜಾರು ಹಲಗೆಯ ಪ್ರಯೋಗದಲ್ಲಿ ಸಂವೇದಕವು ಮೇಲಿನ ತುದಿಯಲ್ಲಿರಲಿ. ಹಲಗೆ ಪ್ರತಿ ಮೀಟರ್ ಉದ್ದಕ್ಕೆ 10 ಸೆಂಟಿಮೀಟರ್ ಏರುವಂತಿದ್ದರೆ, ಘರ್ಷಣೆಯನ್ನು ಬಿಟ್ಟು ಎಣಿಸಿದಾಗ ಗಾಡಿಯ ವೇಗೋತ್ಕರ್ಷ ಪ್ರತಿ ಸೆಕೆಂಡಿಗೆ ಸೆಕೆಂಡಿಗೆ 0.98 ಮೀಟರ್ ಆಗಬೇಕು. ಸೆಕೆಂಡಿಗೆ 20 ಅಳತೆಗಳಂತೆ, ಗಾಡಿ ಒಂದು ಮೀಟರ್ ಸಾಗುವಷ್ಟರಲ್ಲಿ ಸುಮಾರು 28 ಬಿಂದುಗಳು ದೊರೆಯುತ್ತವೆ. ಸ್ಥಾನದ ನಕ್ಷೆ ಬಾಗುತ್ತದೆ, ವೇಗದ ನಕ್ಷೆ ನೇರವಾಗಿ ಏರುತ್ತದೆ. ಸ್ಪ್ರಿಂಗಿಗೆ ತೂಗುಬಿಟ್ಟ ಭಾರವನ್ನು ಪರೀಕ್ಷಿಸುವಾಗ ಸಂವೇದಕವನ್ನು ಕೆಳಗೆ ಮೇಲ್ಮುಖವಾಗಿರಿಸಿ, ಭಾರ ಕಳಚಿ ಬಿದ್ದರೂ ಪೆಟ್ಟಾಗದಂತೆ ತಂತಿಯ ಬುಟ್ಟಿಯ ರಕ್ಷಣೆ ಕೊಡತಕ್ಕದ್ದು. ಲೋಲಕವಾದರೆ ಗುಂಡಿನ ಎತ್ತರದಲ್ಲಿ, ಅದು ತೂಗುವ ದಿಕ್ಕಿನಲ್ಲಿಯೇ ನಿಲ್ಲಿಸಬೇಕು.

ಬಯಲುಸೀಮೆಯ ಬೇಸಿಗೆಯಲ್ಲಿ ಇನ್ನೊಂದು ಎಚ್ಚರ ಅವಶ್ಯಕ. 35 ಡಿಗ್ರಿಯ ಸೆಕೆಯಲ್ಲಿ ಶಬ್ದದ ವೇಗ ಸುಮಾರು 352 ಮೀಟರಿಗೇರುತ್ತದೆ. ಉಷ್ಣತೆಗೆ ತಕ್ಕಂತೆ ಉಪಕರಣವನ್ನು ಹೊಂದಿಸದಿದ್ದರೆ ಒಂದು ಮೀಟರ್ ದೂರವು ಎರಡೂವರೆ ಸೆಂಟಿಮೀಟರಿನಷ್ಟು ಕಡಿಮೆಯಾಗಿ ತೋರಬಹುದು. ಪ್ರಯೋಗಕ್ಕೆ ಮುನ್ನ ಮೀಟರ್ ಪಟ್ಟಿಯಿಂದ ಒಮ್ಮೆ ತಾಳೆ ನೋಡುವುದು ಶ್ರೇಯಸ್ಕರ.

ಇಲ್ಲಿಯೇ ಉಪಾಧ್ಯಾಯರ ಹೊಣೆ ಮೊದಲಾಗುವುದು. ಗಾಡಿ ಓಡುತ್ತಿದ್ದರೂ ನಕ್ಷೆಯ ಗೆರೆ ಅಲುಗದೆ ಮಲಗಿದ್ದರೆ ವಿದ್ಯಾರ್ಥಿ ಯಾವುದನ್ನು ನಂಬಬೇಕು? ತನ್ನ ಕಣ್ಣನ್ನೋ, ಯಂತ್ರದ ಪರದೆಯನ್ನೋ? ಯಂತ್ರ ಹೇಳಿದ್ದೇ ಸತ್ಯವೆಂದು ಅವನು ಬರೆದುಕೊಂಡನಾದರೆ ಆ ದಿನ ಅವನು ಕಲಿತದ್ದು ವಿಜ್ಞಾನವಲ್ಲ, ಅಂಧಶ್ರದ್ಧೆ. ನಕ್ಷೆ ತೋರಿದಷ್ಟೇ ದೂರವನ್ನು ಟೇಪಿನಿಂದ ಅಳೆದು ನೋಡೆಂದು ಹೇಳಿದರೆ, ಅಲ್ಲಿ ಸ್ಟೂಲಿನ ಕಾಲೋ ಮೇಜಿನ ಅಂಚೋ ಕಂಡುಬರುವುದು. ಸಂವೇದಕ ಸುಳ್ಳು ಹೇಳಿರಲಿಲ್ಲ, ತನಗೆ ಕೇಳಿದ ಮಾರ್ದನಿಯನ್ನೇ ಹೇಳಿತ್ತು ಎಂದು ವಿದ್ಯಾರ್ಥಿ ತಾನಾಗಿ ಅರಿತ ಆ ಗಳಿಗೆಯೇ ನಿಜವಾದ ಪಾಠ. ಗುಂಡಿ ಒತ್ತುವುದಕ್ಕೆ ಮುಂಚೆ ಬರಬೇಕಾದ ನಕ್ಷೆಯನ್ನು ಅವನ ಕೈಯಿಂದಲೇ ಬರೆಯಿಸಿದರೆ ಈ ಪಾಠ ಇನ್ನೂ ಗಟ್ಟಿಯಾಗುತ್ತದೆ.

ಮಠಗಳ ಆಶ್ರಯದಲ್ಲಿ ಬೆಳೆದ ವಿದ್ಯಾಲಯಗಳಲ್ಲಿ ಅನ್ನದಾಸೋಹದೊಡನೆ ಜ್ಞಾನದಾಸೋಹವೂ ನಡೆದುಬಂದಿದೆ. ದಾನಿಗಳಿತ್ತ ಉಪಕರಣ ಗಾಜಿನ ಕಪಾಟಿನಲ್ಲಿ ಬೀಗದೊಳಗೆ ಹೊಳೆಯುತ್ತಿದ್ದರೆ ದಾಸೋಹ ಪೂರ್ಣವಾಗದು. ಹಳ್ಳಿಯಿಂದ ಬಂದ ಮಗು ಅದನ್ನು ತನ್ನ ಕೈಯಿಂದ ಬಿಗಿದು, ತಪ್ಪಿ, ತಿದ್ದಿಕೊಂಡು ಚಲನೆಯ ನಿಯಮವನ್ನು ಕಂಡುಕೊಂಡಾಗ ದಾನ ಸಾರ್ಥಕವಾಗುವುದು, ಗುರುವಿನ ಕಾಯಕವೂ ಸಫಲವಾಗುವುದು.