ಹಳೆಯ ಎಕ್ಸ್‌ಕವೇಟರ್ ಖರೀದಿ: ಆಯಿಲ್ ಪ್ರೆಶರ್ ಅಳೆಯದೆ ಬೆಲೆ ನಿಗದಿ ಬೇಡ

ರಸ್ತೆ ನಿರ್ಮಾಣ, ಕೆರೆಗಳ ಹೂಳೆತ್ತುವಿಕೆ, ಬಡಾವಣೆ ಮತ್ತು ಕಲ್ಲುಗಣಿ ಕೆಲಸಗಳಲ್ಲಿ ತೊಡಗಿರುವ ಸಣ್ಣ ಗುತ್ತಿಗೆದಾರರ ಪೈಕಿ ಅನೇಕರು ತಮ್ಮ ಮೊದಲ ಎಕ್ಸ್‌ಕವೇಟರನ್ನು ಹಳೆಯ ಯಂತ್ರಗಳ ಮಾರುಕಟ್ಟೆಯಲ್ಲಿಯೇ ಕೊಳ್ಳುತ್ತಾರೆ. ಯಾವ ಕಂಪನಿ ತಯಾರಿಸಿದ್ದರೂ ಜನರ ಬಾಯಲ್ಲಿ ಅದು 'ಹಿಟಾಚಿ'ಯೇ. ಖರೀದಿಯ ಸಮಯದಲ್ಲಿ ಬೂಮ್‌ನ ಬೆಸುಗೆ, ಚೈನ್‌ನ ಸವೆತ, ಹೈಡ್ರಾಲಿಕ್ ಪಂಪಿನ ಶಕ್ತಿ ಇವುಗಳನ್ನು ನೋಡುವ ಆಸ್ಥೆ ಎಂಜಿನ್‌ನ ಆಯಿಲ್ ಪ್ರೆಶರ್ ವಿಷಯದಲ್ಲಿ ಕಂಡುಬರುವುದಿಲ್ಲ. ಕ್ಯಾಬಿನ್‌ನಲ್ಲಿ ಕೆಂಪು ದೀಪ ಹೊತ್ತಿಲ್ಲ, ಆದ್ದರಿಂದ ಎಲ್ಲವೂ ಸರಿಯಾಗಿದೆ ಎಂಬ ನಂಬಿಕೆಯ ಮೇಲೆ ಮುಂಗಡ ಕೈ ಬದಲಾಗುತ್ತದೆ. ಕೆಲವೇ ತಿಂಗಳಲ್ಲಿ ಬೇರಿಂಗ್ ಕಚ್ಚಿ ಎಂಜಿನ್ ಜಾಮ್ ಆದರೆ ಬಾಡಿಗೆ ನಿಲ್ಲುತ್ತದೆ. ಸಾಲದ ಕಂತು ಮಾತ್ರ ನಿಲ್ಲುವುದಿಲ್ಲ.

ಎಂಜಿನ್‌ನ ತಳದ ಸಂಪ್‌ನಲ್ಲಿರುವ ಆಯಿಲನ್ನು ಪಂಪು ಹೀರಿ, ಫಿಲ್ಟರ್ ಮೂಲಕ ಕ್ರ್ಯಾಂಕ್ ಶಾಫ್ಟಿನ ಬೇರಿಂಗುಗಳಿಗೆ ತಳ್ಳುತ್ತದೆ. ಬೇರಿಂಗಿಗೂ ಶಾಫ್ಟಿಗೂ ನಡುವಿನ ಕೂದಲೆಳೆಯಷ್ಟು ಸಂದಿಯಲ್ಲಿ ಆಯಿಲ್ ಹರಿಯಲು ಎದುರಾಗುವ ತಡೆಯೇ ಒತ್ತಡವಾಗಿ ತೋರುತ್ತದೆ. ಹೀಗಾಗಿ ಒತ್ತಡ ಇಳಿದಿದ್ದರೆ ಪಂಪು ಕಡಿಮೆ ಕೊಡುತ್ತಿರಬೇಕು, ಆಯಿಲ್ ತೆಳುವಾಗಿರಬೇಕು, ಇಲ್ಲವೇ ಸಂದಿ ಅಗಲವಾಗಿರಬೇಕು. ಇವೆಲ್ಲಕ್ಕೂ ಮೊದಲು, ಸೂಚಕವೇ ಸುಳ್ಳು ಹೇಳುತ್ತಿರಲೂಬಹುದು. ಸ್ವಿಚ್ ಕೆಟ್ಟಿದ್ದರೆ ದುರಸ್ತಿ ಅಲ್ಪ ಖರ್ಚಿನದು. ಬೇರಿಂಗ್ ಸವೆದಿದ್ದರೆ ಕ್ರ್ಯಾಂಕ್ ಗ್ರೈಂಡಿಂಗ್ ಸಹಿತ ಓವರ್‌ಹಾಲ್, ಅಂದರೆ ಲಕ್ಷಗಳ ಮಾತು. ಕ್ಯಾಬಿನ್‌ನಲ್ಲಿ ಎರಡಕ್ಕೂ ಕಾಣುವುದು ಒಂದೇ ದೀಪ.

ಆದ್ದರಿಂದ ಪರೀಕ್ಷೆ ದೀಪದಿಂದಲೇ ಆರಂಭವಾಗತಕ್ಕದ್ದು. ಎಂಜಿನ್ ಚಾಲೂ ಮಾಡದೆ ಕೀಲಿಯನ್ನಷ್ಟೇ ತಿರುಗಿಸಿದಾಗ ಆಯಿಲ್ ದೀಪ ಹೊತ್ತಿಕೊಳ್ಳಬೇಕು. ಮಾನಿಟರ್ ಇರುವ ಯಂತ್ರಗಳಲ್ಲಿ ಆ ಚಿಹ್ನೆ ಕ್ಷಣಕಾಲ ಮೂಡಬೇಕು. ಮೂಡದಿದ್ದರೆ ಬಲ್ಬು ಸುಟ್ಟಿದೆ, ಅಥವಾ ತಂತಿಯನ್ನು ಯಾರೋ ಕಳಚಿದ್ದಾರೆ. ದೀಪ ಸರಿಯಿದ್ದರೂ ಅದು ಅಳತೆಯ ಸಾಧನವಲ್ಲ. ಒತ್ತಡ ತೀರಾ ಕುಸಿದ ಮೇಲಷ್ಟೇ ಎಚ್ಚರಿಸುವುದು ಅದರ ಕೆಲಸ. ಸ್ವಿಚ್ ಬಿಚ್ಚಿ ಅದೇ ಜಾಗಕ್ಕೆ ಮೆಕ್ಯಾನಿಕಲ್ ಗೇಜ್ ಜೋಡಿಸಿ ಅಂಕಿ ನೋಡುವುದೊಂದೇ ಭರವಸೆಯ ಮಾರ್ಗ. ಮೆಕ್ಯಾನಿಕ್‌ಗೆ ಇದು ಅರ್ಧ ಗಂಟೆಯ ಕೆಲಸ. ಮಾರುವವರು ಇದಕ್ಕೆ ಒಪ್ಪದಿದ್ದರೆ ಅದನ್ನೂ ಒಂದು ಉತ್ತರವೆಂದೇ ತಿಳಿಯಬಹುದು.

ಅಂಕಿ ಎಷ್ಟಿರಬೇಕೆಂಬುದನ್ನು ಆಯಾ ಎಂಜಿನ್‌ನ ಕೈಪಿಡಿ ಹೇಳುತ್ತದೆ. ನಿರ್ಮಾಣ ಯಂತ್ರಗಳಲ್ಲಿ ವ್ಯಾಪಕವಾಗಿ ಬಳಕೆಯಾಗಿರುವ, ಆರು ಸಿಲಿಂಡರಿನ 5.9 ಲೀಟರ್ ಕಮ್ಮಿನ್ಸ್ ಬಿ ಶ್ರೇಣಿಯ ಎಂಜಿನ್ನಿಗೆ ಬಿಸಿಯಾದ ಸ್ಥಿತಿಯಲ್ಲಿ ಐಡ್ಲಿಂಗ್‌ನಲ್ಲಿ ಕನಿಷ್ಠ 10 ಪಿ.ಎಸ್.ಐ., ನಿಗದಿತ ವೇಗದಲ್ಲಿ ಕನಿಷ್ಠ 30 ಪಿ.ಎಸ್.ಐ. ಇರಬೇಕೆಂಬುದು ತಯಾರಕರ ಮಿತಿ. 'ಬಿಸಿಯಾದ ಸ್ಥಿತಿ' ಎಂಬ ಮಾತು ಇಲ್ಲಿ ಮುಖ್ಯ. ತಣ್ಣಗಿರುವ ಆಯಿಲ್ ದಪ್ಪವಾಗಿರುವುದರಿಂದ ಸವೆದ ಎಂಜಿನ್ ಕೂಡ ಬೆಳಗಿನ ಮೊದಲ ಚಾಲನೆಯಲ್ಲಿ ಉತ್ತಮ ಒತ್ತಡ ತೋರಿಸುತ್ತದೆ. ಅರ್ಧ ಗಂಟೆಗೂ ಹೆಚ್ಚು ಕಾಲ ಮಣ್ಣು ಅಗೆಸಿದ ಮೇಲೆ ಕಾಣುವ ಅಂಕಿಯೇ ನಿಜವಾದುದು. 15ಡಬ್ಲ್ಯು-40 ಹಾಕಬೇಕಾದ ಎಂಜಿನ್ನಿಗೆ ಗಟ್ಟಿ ಗೇರ್ ಆಯಿಲ್ ಬೆರೆಸಿ ಪ್ರೆಶರ್ ಏರಿಸಿ ತೋರಿಸುವ ಉಪಾಯವೂ ಹಳೆಯದೇ. ಡಿಪ್ ಸ್ಟಿಕ್‌ನಿಂದ ಆಯಿಲ್ ಜೇನಿನಂತೆ ಎಳೆಯಾಗಿ ಇಳಿದರೆ, ಹೊಸ ಫಿಲ್ಟರ್ ಮತ್ತು ಸರಿಯಾದ ಆಯಿಲ್ ಹಾಕಿಸಿ ಮತ್ತೆ ಪರೀಕ್ಷಿಸಬೇಕೆಂದು ಒತ್ತಾಯಿಸುವುದು ಕ್ರಮ.

ಗೇಜಿನ ಮುಳ್ಳು ಹೇಗೆ ವರ್ತಿಸುತ್ತದೆ ಎಂಬುದರಿಂದ ದೋಷದ ಮೂಲ ಬಹುಮಟ್ಟಿಗೆ ತಿಳಿಯುತ್ತದೆ. ವೇಗ ಏರಿದಾಗ ಸರಿಯಾಗಿದ್ದು, ಬಿಸಿಯಾದ ಮೇಲೆ ಐಡ್ಲಿಂಗ್‌ನಲ್ಲಿ ಮಾತ್ರ ಕುಸಿದರೆ ಬೇರಿಂಗ್ ಅಥವಾ ಪಂಪಿನ ಸವೆತವನ್ನು, ಇಲ್ಲವೇ ತೆಳುವಾದ ಆಯಿಲನ್ನು ಶಂಕಿಸಬೇಕು. ಎಲ್ಲ ವೇಗಗಳಲ್ಲಿಯೂ ಕಡಿಮೆಯಿದ್ದರೆ ರಿಲೀಫ್ ವಾಲ್ವ್ ಕಸ ಸಿಕ್ಕಿ ತೆರೆದುಕೊಂಡೇ ಉಳಿದಿರಬಹುದು, ಅಥವಾ ಸಂಪ್‌ನ ಜಾಲರಿ ಕಟ್ಟಿರಬಹುದು. ಇವು ಎಂಜಿನ್ನನ್ನು ಪೂರ್ತಿ ಬಿಚ್ಚದೆ ಸರಿಪಡಿಸಬಹುದಾದ ದೋಷಗಳು. ಇಳಿಜಾರಿನಲ್ಲಿ ನಿಂತಾಗ ಮಾತ್ರ ಮುಳ್ಳು ಓಲಾಡಿದರೆ ಆಯಿಲ್ ಮಟ್ಟ ಅಥವಾ ಹೀರುಕೊಳವೆಯ ಬಿರುಕನ್ನು ಮೊದಲು ನೋಡಬೇಕು. ಆಯಿಲ್ ಮಟ್ಟ ಕಡಿಮೆಯಾಗುವ ಬದಲು ಏರಿದ್ದು, ಡೀಸೆಲ್ ವಾಸನೆ ಬರುತ್ತಿದ್ದರೆ ಇಂಜೆಕ್ಟರ್ ಅಥವಾ ಫೀಡ್ ಪಂಪ್ ಸೋರಿ ಆಯಿಲ್ ತೆಳುವಾಗಿದೆ ಎಂದರ್ಥ. ಹಾಲು ಬೆರೆತ ಚಹಾದ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ. ಆಯಿಲ್ ಕೂಲರ್ ಅಥವಾ ಹೆಡ್ ಗ್ಯಾಸ್ಕೆಟ್ ಕಡೆ ಗಮನ ಹರಿಸಬೇಕು.

ಸವೆತದ ಶಂಕೆ ಇದ್ದಾಗ ಹಳೆಯ ಫಿಲ್ಟರನ್ನು ಕತ್ತರಿಸಿ ಕಾಗದದ ಮಡಿಕೆಗಳನ್ನು ಬಿಡಿಸಿ ನೋಡುವುದು ಖರ್ಚಿಲ್ಲದ ಪರೀಕ್ಷೆ. ಅಲ್ಲಿ ತಾಮ್ರದ ಬಣ್ಣದ ಚೂರುಗಳು ಹೊಳೆದರೆ ಬೇರಿಂಗಿನ ಮೇಲ್ಪದರ ಸವೆದು ಒಳಪದರ ಹೊರಬಿದ್ದಿರುವ ಸಾಧ್ಯತೆ ಹೆಚ್ಚು. ಅಯಸ್ಕಾಂತಕ್ಕೆ ಅಂಟುವ ಚೂರುಗಳು ಶಾಫ್ಟ್, ಪಂಪು ಮುಂತಾದ ಕಬ್ಬಿಣದ ಭಾಗಗಳವು.

ಅವರ್ ಮೀಟರ್ ಕಡಿಮೆ ಗಂಟೆ ತೋರಿಸುತ್ತಿದೆ ಎಂಬುದು ಈ ಯಾವ ಪರೀಕ್ಷೆಗೂ ಬದಲಿಯಲ್ಲ. 2011ರ ಜುಲೈ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಕಬ್ಬಿಣದ ಅದಿರಿನ ಗಣಿಗಾರಿಕೆಯನ್ನು ತಡೆಹಿಡಿದಾಗ ಅಲ್ಲಿನ ಯಂತ್ರಗಳು ಕೆಲಸವಿಲ್ಲದೆ ನಿಂತದ್ದು ಉದ್ಯಮಕ್ಕೆ ನೆನಪಿರಬಹುದು. ಹಾಗೆ ಬಹುಕಾಲ ನಿಂತ ಯಂತ್ರದಲ್ಲಿ ಗಂಟೆಗಳು ಏರುವುದಿಲ್ಲ, ಆದರೆ ಹಳೆಯ ಆಯಿಲ್ ತೇವ ಹೀರಿ ಬೇರಿಂಗುಗಳನ್ನು ತಿನ್ನುತ್ತಿರುತ್ತದೆ.

ಕಾನೂನಿನ ನೆರವನ್ನು ಇಲ್ಲಿ ಹೆಚ್ಚು ನಿರೀಕ್ಷಿಸುವಂತಿಲ್ಲ. 1930ರ ಸರಕು ಮಾರಾಟ ಕಾಯ್ದೆಯ ಸಾಮಾನ್ಯ ನಿಯಮದಂತೆ ಸರಕಿನ ಗುಣಮಟ್ಟ ಪರಿಶೀಲಿಸುವ ಹೊಣೆ ಕೊಳ್ಳುವವರದೇ, ವಿನಾಯಿತಿಗಳು ಸೀಮಿತ. ಸಾಲ ತೀರದೆ ವಶಪಡಿಸಿಕೊಂಡ ಯಂತ್ರಗಳನ್ನು ಹಣಕಾಸು ಸಂಸ್ಥೆಗಳು 'ಇದ್ದಲ್ಲಿ, ಇದ್ದಂತೆ' ಎಂಬ ಷರತ್ತಿನ ಮೇಲೆ ಹರಾಜು ಹಾಕುತ್ತವೆ. ಅಂಗಳದಲ್ಲಿ ಮಣ್ಣು ಅಗೆಸಿ ನೋಡುವ ಅವಕಾಶವೇ ಇಲ್ಲದಿದ್ದರೆ, ಪೂರ್ಣ ಓವರ್‌ಹಾಲ್ ವೆಚ್ಚವನ್ನು ಕಳೆದು ಬಿಡ್ ಮಾಡುವುದೇ ಲೆಕ್ಕಾಚಾರದ ದೃಷ್ಟಿಯಿಂದ ಸರಿ. ಖಾಸಗಿ ಮಾರಾಟವಾದರೆ ಗೇಜಿನ ಎರಡೂ ಅಂಕಿಗಳನ್ನು, ಅಂದಿನ ಅವರ್ ಮೀಟರ್ ಓದುವಿಕೆಯನ್ನು ಕರಾರು ಪತ್ರದಲ್ಲಿ ಬರೆಸಿ ಮಾರುವವರ ಸಹಿ ಪಡೆಯಬೇಕು.

ಲೆಕ್ಕಪತ್ರದ ಒಂದು ಸಂಗತಿಯೂ ಉಂಟು. ಕೊಂಡ ಯಂತ್ರವನ್ನು ಮೊದಲ ಬಾರಿಗೆ ಕೆಲಸಕ್ಕೆ ಹಚ್ಚುವ ಮುನ್ನವೇ ಓವರ್‌ಹಾಲ್ ಮಾಡಿಸಿದರೆ ಆ ಮೊತ್ತ ಯಂತ್ರದ ಮೂಲಬೆಲೆಗೆ ಸೇರುತ್ತದೆ. ಅದೇ ವರ್ಷ ಪೂರ್ತಿಯಾಗಿ ರಿಪೇರಿ ಖರ್ಚೆಂದು ಬರೆಯಲಾಗದು, ಸವಕಳಿಯ ರೂಪದಲ್ಲಿ ವರ್ಷಾನುಗತವಾಗಿ ಮಾತ್ರ ದೊರೆಯುತ್ತದೆ. ಆದ್ದರಿಂದ ಬ್ಯಾಂಕಿಗೆ ಸಾಲದ ಅರ್ಜಿ ಸಲ್ಲಿಸುವಾಗ ಯಂತ್ರದ ಬೆಲೆಯ ಜೊತೆಗೆ ಮೆಕ್ಯಾನಿಕ್‌ನ ಲಿಖಿತ ಅಂದಾಜನ್ನೂ ಯೋಜನಾ ವೆಚ್ಚದಲ್ಲಿ ತೋರಿಸತಕ್ಕದ್ದು. ಇಲ್ಲವಾದರೆ ಆ ಮೊತ್ತವನ್ನು ದುಡಿಯುವ ಬಂಡವಾಳದಿಂದಲೇ ಹೊಂದಿಸಬೇಕಾಗಿ, ಡೀಸೆಲ್ ಬಿಲ್ಲು ಮತ್ತು ಆಪರೇಟರ್ ಸಂಬಳಕ್ಕೆ ಕೊರತೆ ಬೀಳುತ್ತದೆ.