ಮಾಸ್ತರರ ಪಕ್ಷ, ಕಾಲೇಜಿನ ಜಾತಿ

ಪಿಯುಸಿ ಫಲಿತಾಂಶ ಬಂದ ವಾರ ಶಹಾಪುರ ಬಸ್ ಸ್ಟ್ಯಾಂಡಿನಲ್ಲಿ ನಮ್ಮ ಕೇರಿಯ ಕಾಕಾ ಒಬ್ಬರು ಸಿಕ್ಕರು. ವರ್ಷದಲ್ಲಿ ಅರ್ಧ ಬೆಂಗಳೂರಿಗೆ ಗುಳೆ ಹೋಗಿ ಕಟ್ಟಡದ ಕೆಲಸ ಮಾಡುವವರು. ಮಗ ಪಾಸಾಗಿದ್ದ.

"ತಮ್ಮಾ, ನೀ ಕಾಲೇಜಿನಾಗ ಕಲಸಾಂವ ಇದ್ದಿ. ಹುಡುಗನ್ನ ಎಲ್ಲಿ ಹಾಕಬೇಕು ಹೇಳು. ಸರಕಾರಿ ಕಾಲೇಜಿನಾಗ ಮಾಸ್ತರಗೋಳು ರಾಜಕೀಯ ಹೇಳಿ ಹುಡುಗರ ತಲಿ ಕೆಡಸ್ತಾರಂತ. ಸಂಸ್ಥಾದ ಕಾಲೇಜಿನಾಗ ಶಿಸ್ತು ಅದ, ಸಂಸ್ಕಾರ ಅದ ಅಂತ ಗೌಡ್ರು ಅಂದ್ರು."

"ನೀವೇನಂತೀರಿ ಕಾಕಾ?"

"ನನಗೇನ್ ತಿಳೀತದಪಾ. ಹುಡುಗ ನೌಕರಿ ಹಿಡಿದು ಮನಿ ನಡಿಸಿದ್ರ ಸಾಕು."

ಅಷ್ಟರಲ್ಲಿ ಸುರಪುರದ ಬಸ್ಸು ಬಂತು, ಕಾಕಾ ಹತ್ತಿದರು. ಅವರಿಗೆ ಕೊಡಬೇಕಾಗಿದ್ದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ಮಾಸ್ತರರಿಗೆ ಪಕ್ಷವಿರುತ್ತದೆ ಎಂಬ ದೂರು ಸುಳ್ಳಲ್ಲ. ಕಾಲೇಜಿನಲ್ಲಿ ಪಾಠ ಹೇಳುವವರಲ್ಲಿ ಎಡದವರು, ಬಲದವರು, ಮಠದವರು, ಯಾವುದೂ ಬೇಡ ಎನ್ನುವವರು ಎಲ್ಲರೂ ಇದ್ದಾರೆ. ಆದರೆ ಈ ದೂರು ಯಾರ ಮೇಲೆ ಬರುತ್ತದೆ ನೋಡಿ. ಅಂಬೇಡ್ಕರ್ ಬಗ್ಗೆ ಎರಡು ತಾಸು ಮಾತಾಡಿದರೆ ಅದು ರಾಜಕೀಯ. ತರಗತಿಯಲ್ಲಿ ವರ್ಣಾಶ್ರಮದ ಗುಣಗಾನ ಮಾಡಿದರೆ ಅದು ಸಂಸ್ಕಾರ. ಒಂದು ಪಕ್ಷಕ್ಕೆ ಹೆಸರಿದೆ, ಇನ್ನೊಂದು ಪಕ್ಷ ಗಾಳಿಯ ಹಾಗೆ ಹೆಸರಿಲ್ಲದೆ ತುಂಬಿಕೊಂಡಿದೆ. ಸಂಪ್ರದಾಯಸ್ಥ ಕಾಲೇಜನ್ನು ಆರಿಸಿಕೊಳ್ಳುವವರು ರಾಜಕೀಯವಿಲ್ಲದ ಜಾಗಕ್ಕೆ ಹೋಗುತ್ತೇವೆ ಎಂದುಕೊಂಡಿರುತ್ತಾರೆ. ಅವರು ಆರಿಸುವುದೂ ಒಂದು ರಾಜಕೀಯವನ್ನೇ.

ನಮ್ಮ ನಾಡಿನಲ್ಲಿ ಇದು ಬಯಲಿಗೆ ಬಂದದ್ದು 1973ರ ನವೆಂಬರಿನಲ್ಲಿ. ದೇವರಾಜ ಅರಸು ಸಂಪುಟದಲ್ಲಿ ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪನವರು ಮೈಸೂರಿನ ಒಂದು ಸಭೆಯಲ್ಲಿ ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಎಂದರು. ಹೇಳಿದ್ದು ಒಂದು ಸಾಹಿತ್ಯ ವಿಮರ್ಶೆ. ಒರಟಾಗಿತ್ತು, ಒಪ್ಪದವರು ವಾದ ಮಾಡಬಹುದಿತ್ತು. ಆದರೆ ಕಾಲೇಜುಗಳಿಂದ ವಿದ್ಯಾರ್ಥಿಗಳು ಬೀದಿಗೆ ಬಂದರು. ಹಾಸ್ಟೆಲುಗಳಲ್ಲಿದ್ದ ದಲಿತ ಹುಡುಗರ ಮೇಲೆ ಹಲ್ಲೆಗಳಾದವು. ಬಸವಲಿಂಗಪ್ಪನವರು ಮಂತ್ರಿಗಿರಿ ಬಿಡಬೇಕಾಯಿತು. ಕನ್ನಡದ ಮೇಲಿನ ಪ್ರೀತಿ ಎಂದು ಕರೆಸಿಕೊಂಡದ್ದು ಹಾಸ್ಟೆಲಿನ ಬಾಗಿಲಿಗೆ ಬಂದಾಗ ಜಾತಿಯಾಗಿತ್ತು. ಮುಂದೆ ದಲಿತ ಸಂಘರ್ಷ ಸಮಿತಿ ಹುಟ್ಟುವುದಕ್ಕೆ ಕಾರಣವಾದ ಘಟನೆಗಳಲ್ಲಿ ಇದು ಮುಖ್ಯವಾದದ್ದು. ದಲಿತ ವಿಮರ್ಶೆಯ ಬಗ್ಗೆ ಮಾತಾಡುವ ನಾವು ಇದನ್ನು ಮರೆಯಬಾರದು: ನಮ್ಮ ವಿಮರ್ಶೆ ಬರೀ ಪುಸ್ತಕದಿಂದ ಹುಟ್ಟಲಿಲ್ಲ, ಕಾಲೇಜು ಹಾಸ್ಟೆಲುಗಳಲ್ಲಿ ಪೆಟ್ಟು ತಿಂದೂ ಹುಟ್ಟಿತು.

ಹಾಗಾದರೆ ಪಕ್ಷಪಾತ ಎಲ್ಲಿ ಕೆಲಸ ಮಾಡುತ್ತದೆ? ನಾನು ಕಂಡ ಮಟ್ಟಿಗೆ ಮೂರು ಕಡೆ.

ಮೊದಲನೆಯದು ಮಾತು. ಇದು ಕಣ್ಣಿಗೆ ಬೀಳುವಂಥದ್ದು, ಆದ್ದರಿಂದಲೇ ಕಡಿಮೆ ಅಪಾಯದ್ದು. ಮಾಸ್ತರ ತನ್ನ ಅಭಿಪ್ರಾಯ ಬಾಯಿಬಿಟ್ಟು ಹೇಳಿದರೆ ಹುಡುಗ ಎದ್ದುನಿಂತು ಇಲ್ಲ ಎನ್ನಬಹುದು. ಎನ್ನಲು ಬಿಡುತ್ತಾರೋ ಇಲ್ಲವೋ ಎಂಬುದೇ ಪ್ರಶ್ನೆ.

ಎರಡನೆಯದು ಅಂಕ. ನಮ್ಮ ಹುಡುಗರಿಗೆ ಎದುರಾಗುವ ಮೊದಲ ವಿಮರ್ಶಕ ಉತ್ತರಪತ್ರಿಕೆ ತಿದ್ದುವ ಮಾಸ್ತರ. ಪರೀಕ್ಷೆಯ ಪತ್ರಿಕೆಯಲ್ಲಿ ಹೆಸರಿರುವುದಿಲ್ಲ, ನಂಬರಷ್ಟೆ. ಮರುಮೌಲ್ಯಮಾಪನಕ್ಕೆ ದುಡ್ಡು ಕಟ್ಟಬಹುದು. ಇಂಟರ್ನಲ್ ಅಂಕ ಹಾಗಲ್ಲ. ಅಲ್ಲಿ ಹೆಸರು ಗೊತ್ತು, ಕೇರಿ ಗೊತ್ತು, ಹುಡುಗ ಯಾವ ಜಯಂತಿಯಲ್ಲಿ ಭಾಷಣ ಮಾಡಿದ ಎಂಬುದೂ ಗೊತ್ತು. ರಾಜ್ಯದಲ್ಲಿ 2021-22ರಲ್ಲಿ ಹೊಸ ಶಿಕ್ಷಣ ನೀತಿ ಬಂದಾಗ ನೂರರಲ್ಲಿ 40 ಅಂಕ ಹೀಗೆ ಕಾಲೇಜಿನ ಕೈಗೆ ಹೋದವು. 2024-25ರಿಂದ ಮತ್ತೆ ಮೂರು ವರ್ಷದ ಪದವಿಗೆ ಮರಳಿದೆವು, ಆದರೆ ಇಂಟರ್ನಲ್ ಎಂಬುದು ಹೋಗಿಲ್ಲ. ದಿಲ್ಲಿಯ ಏಮ್ಸ್ ವೈದ್ಯಕೀಯ ಸಂಸ್ಥೆಯ ಬಗ್ಗೆ ಸುಖದೇವ್ ಥೋರಟ್ ಸಮಿತಿ 2007ರಲ್ಲಿ ಕೊಟ್ಟ ವರದಿಯಲ್ಲಿ ದಲಿತ, ಆದಿವಾಸಿ ವಿದ್ಯಾರ್ಥಿಗಳು ಹೇಳಿಕೊಂಡದ್ದೂ ಇದನ್ನೇ: ಎದುರುಬದುರು ಕೂತು ನಡೆಸುವ ಪರೀಕ್ಷೆಯಲ್ಲಿ ಜಾತಿ ನಡುವೆ ಬರುತ್ತದೆ ಎಂದು. ದೇಶದ ದೊಡ್ಡ ಸಂಸ್ಥೆಯ ಕತೆಯೇ ಹೀಗಾದರೆ ತಾಲ್ಲೂಕು ಕಾಲೇಜಿನ ಹುಡುಗ ಯಾರ ಮುಂದೆ ಹೇಳಿಕೊಳ್ಳಬೇಕು?

ಮೂರನೆಯದು ಪಟ್ಟಿ. ಯಾರ ನೇಮಕ, ಯಾವ ಪಠ್ಯ, ಯಾರು ಆಡಳಿತ ಮಂಡಳಿ ಎಂಬ ಪಟ್ಟಿಗಳು. ಅನುದಾನಿತ ಕಾಲೇಜಿನಲ್ಲಿ ಸಂಬಳ ಸರಕಾರದ್ದು, ಆಡಳಿತ ಮಾತ್ರ ಸಂಸ್ಥೆಯದು. ಸಂಸ್ಥೆ ಹೆಚ್ಚಾಗಿ ಒಂದು ಸಮುದಾಯದ್ದು. ಇದನ್ನು ಯಾರೂ ರಾಜಕೀಯ ಎನ್ನುವುದಿಲ್ಲ.

ಅಂಬೇಡ್ಕರ್ ಅವರ ಬದುಕಿನಲ್ಲೇ ಇವು ಇವೆ. ಎಲ್ಫಿನ್‌ಸ್ಟನ್ ಹೈಸ್ಕೂಲಿನಲ್ಲಿ ಅವರಿಗೆ ಸಂಸ್ಕೃತ ಕಲಿಯಲು ಬಿಡಲಿಲ್ಲ, ಪರ್ಷಿಯನ್ ತೆಗೆದುಕೊಳ್ಳಬೇಕಾಯಿತು. 1918ರಲ್ಲಿ ಮುಂಬಯಿಯ ಸಿಡೆನ್‌ಹ್ಯಾಮ್ ಕಾಲೇಜಿಗೆ ಪ್ರೊಫೆಸರಾಗಿ ಸೇರಿದಾಗ ಸ್ಟಾಫ್ ರೂಮಿನ ನೀರಿನ ಪಾತ್ರೆ ಮುಟ್ಟಬಾರದೆಂದು ಜೊತೆಯ ಅಧ್ಯಾಪಕರೇ ತಕರಾರು ತೆಗೆದರು. ಅವರಲ್ಲಿ ಯಾರು ಯಾವ ರಾಜಕೀಯ ಪಕ್ಷದವರು ಎಂಬುದರಿಂದ ಆ ನೀರಿನ ಪ್ರಶ್ನೆ ಬಗೆಹರಿಯುತ್ತಿರಲಿಲ್ಲ.

ಸಂಸ್ಥೆಗಳ ಬಗ್ಗೆ ನ್ಯಾಯವಾದ ಮಾತನ್ನೂ ಆಡಬೇಕು. ಯಾದಗಿರಿ, ಶಹಾಪುರ, ಸುರಪುರ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದಾಗ ಉನ್ನತ ಶಿಕ್ಷಣ ಉರ್ದುವಿನಲ್ಲಿತ್ತು, ಕನ್ನಡ ಶಾಲೆಗಳು ಬೆರಳೆಣಿಕೆಯಷ್ಟು. ಆಮೇಲೂ ಸರಕಾರ ತಡವಾಗಿಯೇ ಬಂತು. ಗುಲ್ಬರ್ಗಾ ವಿಶ್ವವಿದ್ಯಾಲಯ ಆದದ್ದು 1980ರಲ್ಲಿ. 1958ರಲ್ಲಿ ಶುರುವಾದ ಹೈದರಾಬಾದ್ ಕರ್ನಾಟಕ ಶಿಕ್ಷಣ ಸಂಸ್ಥೆ, ಶರಣಬಸವೇಶ್ವರ ಸಂಸ್ಥಾನದ ವಿದ್ಯಾವರ್ಧಕ ಸಂಘ ಇಂಥವು ಈ ಭಾಗದಲ್ಲಿ ಕಾಲೇಜು ಕಟ್ಟಿದವು. ನಮ್ಮ ಕೇರಿಗಳಿಂದ ಮೊದಲ ಸಲ ಡಿಗ್ರಿ ಮಾಡಿದವರಲ್ಲಿ ಸಂಸ್ಥೆಗಳ ಕಾಲೇಜಿನಲ್ಲಿ ಓದಿದವರೂ ಇದ್ದಾರೆ. 2011ರ ಜನಗಣತಿಯಲ್ಲಿ ಯಾದಗಿರಿ ಜಿಲ್ಲೆಯ ಸಾಕ್ಷರತೆ ನೂರಕ್ಕೆ 52ರ ಹತ್ತಿರ, ರಾಜ್ಯದಲ್ಲೇ ಕಡೆಯದು. ಇಂಥ ನೆಲದಲ್ಲಿ ಯಾವ ಕಾಲೇಜಿನ ಬಾಗಿಲನ್ನೂ ಮುಚ್ಚಿ ಎನ್ನುವ ಸೊಕ್ಕು ನಮಗೆ ಬೇಡ.

ಆದರೆ ಶಿಸ್ತು ಎಂಬ ಮಾತಿನ ಒಳಗೆ ಏನಿದೆ ಎಂದು ನೋಡಬೇಕು. ಬೇರೆಯವರನ್ನು ಬಿಡಿ, ಪಕ್ಕದ ವಿಜಾಪುರ ಸೀಮೆಯಿಂದ ಬಂದ ಎಂ.ಎಂ. ಕಲಬುರ್ಗಿಯವರ ಗತಿ ಏನಾಯಿತು? ತಮ್ಮದೇ ಸಮುದಾಯದ ಇತಿಹಾಸವನ್ನು ಸಂಶೋಧಕರಾಗಿ ಬರೆದದ್ದಕ್ಕೆ 1989ರಲ್ಲಿ ಒತ್ತಡಕ್ಕೆ ಸಿಕ್ಕಿ ಮಾತು ಹಿಂತೆಗೆದುಕೊಳ್ಳಬೇಕಾಯಿತು. 2015ರ ಆಗಸ್ಟ್ 30ರಂದು ಧಾರವಾಡದ ಮನೆಬಾಗಿಲಲ್ಲಿ ಗುಂಡಿಗೆ ಬಲಿಯಾದರು. ಅದೇ ವರ್ಷ ಹೈದರಾಬಾದ್ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಅಂಬೇಡ್ಕರ್ ವಿದ್ಯಾರ್ಥಿ ಸಂಘದ ಐವರ ಮೇಲೆ ಶಿಸ್ತಿನ ಹೆಸರಿನಲ್ಲೇ ಕ್ರಮವಾಯಿತು, ಹಾಸ್ಟೆಲಿನಿಂದ ಹೊರಬಿದ್ದರು. ಅವರಲ್ಲಿ ಒಬ್ಬನಾದ ರೋಹಿತ್ ವೇಮುಲ 2016ರ ಜನವರಿ 17ರಂದು ಪ್ರಾಣ ಕಳೆದುಕೊಂಡ. ಅದು ಯಾವ ಮಠದ ಕಾಲೇಜೂ ಅಲ್ಲ, ಕೇಂದ್ರ ಸರಕಾರದ ವಿಶ್ವವಿದ್ಯಾಲಯ. ಸರಕಾರಿ ಬೋರ್ಡು ಇದ್ದ ಮಾತ್ರಕ್ಕೆ ನಮಗೆ ನೆರಳು ಸಿಗುವುದಿಲ್ಲ.

ಇಷ್ಟು ಹೇಳಿದ ಮೇಲೆ ನನ್ನದೂ ಒಂದು ಹೇಳಿಬಿಡಬೇಕು. ಕೆಲಸಕ್ಕೆ ಸೇರಿದ ಮೊದಲ ವರ್ಷ ಮೀಸಲಾತಿ ಬಗ್ಗೆ ಪ್ರಬಂಧ ಬರೆಯಲು ಕೊಟ್ಟಿದ್ದೆ. ಒಬ್ಬ ಹುಡುಗ ವಿರೋಧವಾಗಿ ಬರೆದ. ಬರಹ ಚೊಕ್ಕವಾಗಿತ್ತು. ನಾನು ಹತ್ತಕ್ಕೆ ನಾಲ್ಕು ಹಾಕಿದೆ. ರಾತ್ರಿ ನಿದ್ದೆ ಹತ್ತಲಿಲ್ಲ. ಹಿಂದೆ ನಾನು ಓದುವಾಗ ನನ್ನ ಪತ್ರಿಕೆಯ ಮೇಲೆ ಯಾರೋ ಹಾಕಿದ್ದ ನಾಲ್ಕು ನೆನಪಾಯಿತು. ಮರುದಿನ ಏಳು ಮಾಡಿ, ಯಾಕೆ ಒಪ್ಪುವುದಿಲ್ಲ ಎಂದು ಪುಟದ ಕೆಳಗೆ ಬರೆದುಕೊಟ್ಟೆ. ಅವನು ಒಪ್ಪಲಿಲ್ಲ, ಆದರೆ ತರಗತಿಯಲ್ಲಿ ಜಗಳ ಆಡುವುದನ್ನು ಬಿಡಲಿಲ್ಲ. ಪ್ರಗತಿಪರ ಎಂಬ ಹಣೆಪಟ್ಟಿ ಕೈಯಲ್ಲಿರುವ ಕೆಂಪು ಪೆನ್ನನ್ನು ಶುದ್ಧ ಮಾಡುವುದಿಲ್ಲ ಎಂದು ಅವತ್ತು ತಿಳಿಯಿತು.

ಇದಕ್ಕೆ ಬಾಬಾಸಾಹೇಬರು ತೋರಿದ ದಾರಿ ಇದೆ. ಅವರ ಪೀಪಲ್ಸ್ ಎಜುಕೇಶನ್ ಸೊಸೈಟಿ 1946ರಲ್ಲಿ ಮುಂಬಯಿಯಲ್ಲಿ ಸಿದ್ಧಾರ್ಥ ಕಾಲೇಜು, 1950ರಲ್ಲಿ ಔರಂಗಾಬಾದಿನಲ್ಲಿ ಕಾಲೇಜು ತೆರೆಯಿತು. ಅದೇ ಮುಂದೆ ಮಿಲಿಂದ ಎಂದಾಯಿತು. ಆಗ ಔರಂಗಾಬಾದೂ ನಮ್ಮ ಸುರಪುರವೂ ಒಂದೇ ಹೈದರಾಬಾದ್ ರಾಜ್ಯದಲ್ಲಿದ್ದವು. ಕಲಿಸುವವರಲ್ಲೂ ಕಲಿಯುವವರಲ್ಲೂ ಎಲ್ಲ ಜಾತಿಯವರಿದ್ದರು. ಮಿಲಿಂದದಲ್ಲಿ ಕಲಿಸುತ್ತಿದ್ದ ಗಂಗಾಧರ ಪಾನತಾವಣೆಯವರು 'ಅಸ್ಮಿತಾದರ್ಶ' ಪತ್ರಿಕೆ ನಡೆಸಿದರು, ಮರಾಠಿ ದಲಿತ ಸಾಹಿತ್ಯಕ್ಕೆ ಅದು ಅಂಗಳವಾಯಿತು. ಕಾಲೇಜಿಗೆ ನಿಲುವಿತ್ತು, ಬಾಗಿಲೂ ತೆರೆದಿತ್ತು. ನಮ್ಮ ಮೂರು ಊರುಗಳಲ್ಲಿ ಅಂಥದ್ದೊಂದು ಇನ್ನೂ ಆಗಿಲ್ಲ.

ಆಗುವವರೆಗೆ ಕಾಲೇಜಿಗೆ ಹೆಸರು ಹಚ್ಚುವ ಮೊದಲು ಕೇಳಬೇಕಾದ ಪ್ರಶ್ನೆಗಳು ಇವು. ಇಂಟರ್ನಲ್ ಅಂಕಗಳನ್ನು ವಿಶ್ವವಿದ್ಯಾಲಯಕ್ಕೆ ಕಳಿಸುವ ಮೊದಲು ನೋಟಿಸ್ ಬೋರ್ಡಿಗೆ ಹಚ್ಚುತ್ತಾರೆಯೆ? ತಿದ್ದಿದ ಪತ್ರಿಕೆ ಹುಡುಗರ ಕೈಗೆ ಕೊಡುತ್ತಾರೆಯೆ? ಕಾಯಂ ಅಧ್ಯಾಪಕರಲ್ಲಿ ನಮ್ಮವರು, ಹೆಂಗಸರು ಎಷ್ಟು ಜನ? ಸ್ಕಾಲರ್‌ಶಿಪ್ ಬರುವವರೆಗೆ ಫೀಸಿಗಾಗಿ ಪರೀಕ್ಷೆಗೆ ತಡೆಯುತ್ತಾರೆಯೆ? ಲೈಬ್ರರಿಯಲ್ಲಿ ಕನ್ನಡದ ಅಂಬೇಡ್ಕರ್ ಸಂಪುಟಗಳು ಕಪಾಟಿನಲ್ಲಿ ಕೈಗೆ ಸಿಗುತ್ತವೆಯೆ, ಬೀಗದೊಳಗಿವೆಯೆ? ತಾರತಮ್ಯದ ದೂರು ಕೇಳಲು ಒಬ್ಬ ಅಧಿಕಾರಿ ಇರಬೇಕೆಂದು ಯುಜಿಸಿ 2012ರಲ್ಲೇ ನಿಯಮ ಮಾಡಿತು. ಆ ಅಧಿಕಾರಿ ಯಾರೆಂದು ವಿದ್ಯಾರ್ಥಿಗಳಿಗೆ ಗೊತ್ತಿದೆಯೆ? ಕಡೆಯದಾಗಿ, ಹಳೆಯ ವಿದ್ಯಾರ್ಥಿಯೊಬ್ಬನನ್ನು ಕೇಳಿ: ಮಾಸ್ತರರ ಮಾತಿಗೆ ಅಲ್ಲ ಎಂದವನಿಗೆ ಅಲ್ಲಿ ಏನಾಯಿತು?

ಈ ಪ್ರಶ್ನೆಗಳಿಗೆ ನೆಟ್ಟಗೆ ಉತ್ತರ ಕೊಡುವ ಕಾಲೇಜು ಮಠದ್ದಾದರೂ ಸರಿ, ಸರಕಾರದ್ದಾದರೂ ಸರಿ, ಅಲ್ಲಿ ಹುಡುಗ ಬದುಕುತ್ತಾನೆ. ಉತ್ತರ ಕೊಡದ ಕಾಲೇಜಿನ ಗೋಡೆಯ ಮೇಲೆ ಬುದ್ಧ, ಬಸವ, ಅಂಬೇಡ್ಕರ್ ಮೂವರ ಪಟ ಇದ್ದರೂ ಎಚ್ಚರವಿರಲಿ.

ಕಾಕಾನ ಮಗ ಸುರಪುರದಲ್ಲಿ ಸೇರಿದ್ದಾನೆ. ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲಿನಲ್ಲಿ ಸೀಟು ಸಿಕ್ಕದ್ದು ಅಲ್ಲಿ, ಅದಕ್ಕೆ. ಬಹುಪಾಲು ನಮ್ಮ ಹುಡುಗರು ಕಾಲೇಜು ಆರಿಸಿಕೊಳ್ಳುವುದು ಹೀಗೇ: ಹಾಸ್ಟೆಲ್ ಇದ್ದಲ್ಲಿ, ಬಸ್ಸು ಹೋಗುವಲ್ಲಿ. ಆರಿಸುವ ಅವಕಾಶ ಇಲ್ಲದವರಿಗೆ ಕೇಳುವ ಅವಕಾಶವಾದರೂ ಇರಬೇಕು. ಹೋದ ವಾರ ಫೋನು ಮಾಡಿ, "ಅಣ್ಣಾ, ಇಂಟರ್ನಲ್ ಮಾರ್ಕ್ಸ್ ಬೋರ್ಡಿಗೆ ಹಚ್ಚಿಲ್ಲ, ಕೇಳಲೇನು?" ಅಂದ. ಒಬ್ಬನೇ ಹೋಗಬ್ಯಾಡ, ನಾಲ್ಕು ಮಂದಿ ಕೂಡಿ ಅರ್ಜಿ ಬರೆದು ಒಯ್ಯಿರಿ ಅಂದೆ.