‘ಡಿಲನ್’ ಎಂಬ ಹೆಸರು

ಡಿಲನ್ ವೇಲ್ಸ್ ದೇಶದ ಹೆಸರು. ಕಡಲಿನ ಉಬ್ಬರವನ್ನು ಸೂಚಿಸುವ ವೆಲ್ಷ್ ಶಬ್ದದಿಂದ ಬಂದುದೆಂದು ವಿದ್ವಾಂಸರು ಹೇಳುತ್ತಾರೆ. ‘ಮಾಬಿನೋಗಿ’ ಕಥೆಗಳ ನಾಲ್ಕನೆಯ ಶಾಖೆಯಲ್ಲಿ, ಈ ಹೆಸರಿಟ್ಟೊಡನೆ ಶಿಶುವೊಂದು ಕಡಲಿಗಿಳಿದು ಮೀನಿನಂತೆ ಈಜುತ್ತದೆ. ಅದರಡಿಯಲ್ಲಿ ಅಲೆಯೊಂದೂ ಒಡೆಯುವುದಿಲ್ಲ.

ಬಹುಕಾಲ ಅಪರೂಪವಾಗಿದ್ದ ಈ ಹೆಸರನ್ನು ಸ್ವಾನ್ಸಿ ನಗರದ ಉಪಾಧ್ಯಾಯ ಡಿ.ಜೆ. ಥಾಮಸ್ 1914ರಲ್ಲಿ ತಮ್ಮ ಮಗನಿಗಿಟ್ಟರು. ವೆಲ್ಷ್ ಉಚ್ಚಾರಣೆ ‘ಡಲನ್’ ಎಂಬುದಕ್ಕೆ ಸಮೀಪ. ನಮ್ಮ ಹ್ರಸ್ವ ಅಕಾರಕ್ಕೆ ಅದೇನೂ ತೊಡಕಲ್ಲ. ಆದರೆ ಇಂಗ್ಲಿಷ್ ಬಲ್ಲ ಮಕ್ಕಳು ಅದನ್ನು ‘ಡಲ್’ ಎಂದು ತಿರುಚಿ ಹಾಸ್ಯಮಾಡಿಯಾರೆಂದು ತಾಯಿ ಅಳುಕಿದರು. ಮುಂದೆ ಕವಿಯಾಗಿ ಪ್ರಸಿದ್ಧರಾದ ಡಿಲನ್ ಥಾಮಸ್ ಇಂಗ್ಲಿಷ್ ಉಚ್ಚಾರಣೆಯನ್ನೇ ಒಪ್ಪಿಕೊಂಡರು. ತಂದೆತಾಯಿಗಳಿಬ್ಬರೂ ವೆಲ್ಷ್ ಬಲ್ಲವರು. ಆದರೂ ಮಗನಿಗೆ ದಾಟಿದ್ದು ಹೆಸರು, ನುಡಿಯಲ್ಲ. ಮನೆಯ ಮಾತೊಂದು, ಶಾಲೆಯ ಮಾತೊಂದು ಆಗಿರುವ ಗಡಿನಾಡಿನವರಾದ ನಮಗೆ ಇದು ದೂರದ ಸಂಗತಿಯೆನಿಸದು.

ಅಮೆರಿಕದ ಗಾಯಕ ರಾಬರ್ಟ್ ಝಿಮ್ಮರ್‌ಮನ್ 1962ರಲ್ಲಿ ಕಾನೂನುಬದ್ಧವಾಗಿ ಬಾಬ್ ಡಿಲನ್ ಆದರು. ಅಲ್ಲಿಂದಾಚೆಗೆ ಹೆಸರು ಅಮೆರಿಕದ ತೊಟ್ಟಿಲುಗಳನ್ನು ಹೊಕ್ಕು, 1990ರ ದಶಕದಲ್ಲಿ ಬಹು ಜನಪ್ರಿಯವಾಯಿತು. ಈಗ ಹೆಣ್ಣುಮಕ್ಕಳಿಗೂ ಇಡುತ್ತಾರೆ.